ಅಂಚೆಚೀಟಿಯ ಅನಾನಸು

ಆ ದಿನಗಳಲ್ಲಿ ನಮಗೆ ಆಫ್ರಿಕಾ ಹತ್ತಿರವಿತ್ತು, ಕುಂದಾಪುರ ದೂರವಿತ್ತು. ಅರವತ್ತರ ದಶಕದ ಮೊದಲ ವರ್ಷಗಳು. ಅಪ್ಪ ರೈಲ್ವೆಯಲ್ಲಿ ಗುಮಾಸ್ತರು. ಅಹಮದಾಬಾದಿನ ಮಣಿನಗರದಲ್ಲಿ ಕೆಲವು ವರ್ಷವಿದ್ದು, ಅಲ್ಲಿಂದ ಬರೋಡಾಕ್ಕೆ ವರ್ಗವಾಗಿ ಬಂದಿದ್ದೆವು. ಹಳೇ ಊರಿನ ಒಂದು ಪೋಳ್‌ನಲ್ಲಿ ನಮ್ಮ ಮನೆ. ಪೋಳ್ ಎಂದರೆ ಒಂದೇ ಹೆಬ್ಬಾಗಿಲು ಇರುವ ಸಣ್ಣ ಓಣಿ. ಎದುರುಬದುರು ಮನೆಗಳು ಎಷ್ಟು ಹತ್ತಿರವೆಂದರೆ, ಅವರು ಒಗ್ಗರಣೆ ಹಾಕಿದರೆ ನಮಗೆ ಸೀನು ಬರುತ್ತಿತ್ತು. ಆ ಓಣಿಯ ಅರ್ಧಕ್ಕರ್ಧ ಮನೆಗಳಿಂದ ಯಾರಾದರೊಬ್ಬರು ಹಡಗು ಹತ್ತಿ ಪೂರ್ವ ಆಫ್ರಿಕಾಕ್ಕೆ ಹೋಗಿದ್ದರು. ಊರಿನಿಂದ ಅಜ್ಜನ ಕಾರ್ಡು ಬರುವುದು ಅಪರೂಪ. ಆಫ್ರಿಕಾದ ಲಕೋಟೆಗಳು ಮಾತ್ರ ವಾರ ತಪ್ಪುತ್ತಿರಲಿಲ್ಲ.

ನನಗಾಗ ಹನ್ನೊಂದು. ಅಪ್ಪ ಕಚೇರಿಯಿಂದ ತಂದುಕೊಟ್ಟ, ಯಾರೂ ಬರೆಯದ ಹಳೆಯ ಡೈರಿಯೊಂದು ನನ್ನ ಬಳಿ ಇತ್ತು. ತಾರೀಕು ತಿದ್ದಿಕೊಂಡು ದಿನವೂ ಬರೆಯುತ್ತಿದ್ದೆ: ಸೆಕೆ ಎಷ್ಟು, ಶಾಲೆಯಲ್ಲಿ ಏನಾಯಿತು, ಪೋಳ್‌ಗೆ ಎಷ್ಟು ಕಾಗದ ಬಂತು, ಅದರಲ್ಲಿ ಎಷ್ಟು ಅಂಚೆಚೀಟಿ ನನ್ನ ಕೈಸೇರಿತು. ತಿಂಗಳ ಕೊನೆಗೆ ಲೆಕ್ಕ ಕೂಡಿಸಿ ಅಡಿಗೆರೆ ಎಳೆಯುವುದು ಆಗ ನನಗೆ ಹಬ್ಬದೂಟದಷ್ಟು ಖುಷಿ ಕೊಡುತ್ತಿತ್ತು.

ನಮ್ಮ ಎದುರುಮನೆ ರೇವಾಬಾ ಅವರದು. ಗಂಡ ತೀರಿಕೊಂಡಿದ್ದರು. ಒಬ್ಬಳೇ ಮಗಳು ಸವಿತಾಬೆನ್ ಮದುವೆಯಾಗಿ ಆಫ್ರಿಕಾದಲ್ಲಿದ್ದರು. ಬಾ ಎಂದರೆ ಗುಜರಾತಿಯಲ್ಲಿ ಅಮ್ಮ; ಓಣಿಗೆಲ್ಲ ಅವರು ಬಾ. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ನಾನು ಗುಜರಾತಿ ಶಾಲೆಗೆ ಹೋಗುವವಳು, ಕನ್ನಡಕ್ಕಿಂತ ಗುಜರಾತಿಯನ್ನೇ ಸರಾಗವಾಗಿ ಓದುತ್ತಿದ್ದೆ. ಹೀಗಾಗಿ ಸವಿತಾಬೆನ್ ಕಾಗದ ಓದುವುದು, ಉತ್ತರ ಬರೆಯುವುದು ಎರಡೂ ನನ್ನ ಪಾಲಿಗೆ ಬಂದಿತ್ತು. ಅದಕ್ಕೆ ಪ್ರತಿಫಲ ಅಂಚೆಚೀಟಿ. ಆದರೆ ಬಾ ಸುಮ್ಮನೆ ಕೊಡುವವರಲ್ಲ.

“ಮೊದಲು ಇದರಲ್ಲಿ ಏನು ಬೆಳೆದಿದೆ ಹೇಳು. ನನ್ನ ಮಗಳ ಊರಲ್ಲಿ ಏನೇನು ಬೆಳೆಯುತ್ತೆ ಅಂತ ನನಗೆ ಗೊತ್ತಾಗಬೇಡವಾ? ಹೆಸರು ಹೇಳಿದರೆ ಚೀಟಿ ನಿಂದು.”

ಆ ದೇಶದ ಚೀಟಿಗಳ ಮೂಲೆಯಲ್ಲಿ ರಾಣಿಯ ತಲೆ, ಉಳಿದ ಜಾಗದಲ್ಲಿ ಒಂದು ಗಿಡವೋ ಕಾಯಿಯೋ. ಕೆಲವು ಒಂದೇ ಬಣ್ಣದಲ್ಲಿ ಅಚ್ಚಾಗಿರುತ್ತಿದ್ದವು. ಬರೀ ನೀಲಿಯಲ್ಲಿ ನೋಡಿದರೆ ಯಾವ ಹಣ್ಣು ಯಾವುದೆಂದು ಹೇಳುವುದು ಹೇಗೆ? ಅದಕ್ಕೆಂದು ನಾನೇ ಒಂದು ನಿಯಮ ಮಾಡಿದ್ದೆ. ಎರಡು ಮನೆಯವರು ಒಪ್ಪಿದರೆ ಮಾತ್ರ ಹೆಸರು ಖಾಯಂ. ಬಾ ಒಂದು ಮನೆ, ನಮ್ಮ ಅಮ್ಮ ಇನ್ನೊಂದು ಮನೆ. ಕಾಗದ ಬಂದ ದಿನ ಮಧ್ಯಾಹ್ನ ಬಾ ತಮ್ಮ ಜಗಲಿಯ ಮೇಲೆ ಕೂರುತ್ತಿದ್ದರು, ಅಮ್ಮ ನಮ್ಮ ಹೊಸ್ತಿಲ ಮೇಲೆ. ಲಕೋಟೆ ಹಿಡಿದು ನಡುವೆ ಓಡಾಡುವುದು ನನ್ನ ಕೆಲಸ. ಒಳಗಿನ ಕಾಗದ ಆಮೇಲೆ.

ಹತ್ತಿಯ ಚೀಟಿ ಬಂದಾಗ ಬಾ ನಕ್ಕುಬಿಟ್ಟಿದ್ದರು. “ಇದೇನು ಕೇಳ್ತೀಯಾ, ಕಪಾಸ್! ಇದನ್ನ ನೋಡೋಕೆ ನನ್ನ ಮಗಳು ಸಮುದ್ರ ದಾಟಬೇಕಿತ್ತಾ?” ಲವಂಗದ ಮೊಗ್ಗನ್ನು ಅಮ್ಮ ಗುರುತು ಹಿಡಿದರು. ತೆಂಗಿನ ಮರ ಬಂದಾಗಂತೂ ಅಮ್ಮ ಆ ಲಕೋಟೆಯನ್ನು ಬಹಳ ಹೊತ್ತು ಕೈಯಲ್ಲೇ ಇಟ್ಟುಕೊಂಡಿದ್ದರು.

ಅಮ್ಮನಿಗೆ ಆ ಓಣಿಯಲ್ಲಿ ಇದ್ದ ಹೊರಗಿನ ಮಾತು ಅಷ್ಟೇ. ಗುಜರಾತಿ ಬರದು, ಹಿಂದಿ ತಡವರಿಕೆ. ಬಾ ಅವರಿಗೆ ಅಮ್ಮ “ಮದ್ರಾಸಣ್”. ವಿಂಧ್ಯದಿಂದ ಕೆಳಗಿನವರೆಲ್ಲ ಮದ್ರಾಸಿನವರೇ. ಬೆಳಿಗ್ಗೆ ಅಮ್ಮ ಕಾಫಿಬೀಜ ಹುರಿದರೆ ಬಾ ಕಿಟಕಿಯಿಂದ ಕೂಗುತ್ತಿದ್ದರು: “ಅರೆ ಮದ್ರಾಸಣ್, ಏನು ಸುಟ್ಟುಹಾಕಿದೆ?” ಅಮ್ಮ ನನ್ನತ್ತ ತಿರುಗಿ, “ಎಂತ ಹೇಳ್ತಾರೆ?” ಎನ್ನುತ್ತಿದ್ದರು. “ಪರಿಮಳ ಚೆನ್ನಾಗಿದೆಯಂತೆ” ಎಂದು ನಾನು ಅನುವಾದಿಸುತ್ತಿದ್ದೆ.

ಹಾಗಿದ್ದರೂ ಎರಡು ಮನೆಗಳ ನಡುವೆ ಒಂದು ಹಗ್ಗವಿತ್ತು. ಹಿಂದಿನ ದೀಪಾವಳಿಗೆ ಸವಿತಾಬೆನ್ ಕಳಿಸಿದ ದೊಡ್ಡ ಪಾರ್ಸೆಲ್‌ಗೆ ಸುತ್ತಿದ್ದ ಬಿಳಿಯ ಹುರಿ ಅದು. ಬಾ ಅದನ್ನು ಬಿಸಾಡದೆ ತಮ್ಮ ಮಾಳಿಗೆಯ ಕಿಟಕಿಯಿಂದ ನಮ್ಮ ಕಿಟಕಿಗೆ ಎಳೆದು ಕಟ್ಟಿಸಿದ್ದರು. ಬೆಳಿಗ್ಗೆ ನಮ್ಮ ಬಟ್ಟೆ, ಮಧ್ಯಾಹ್ನ ಅವರದು. ತೆಂಗಿನ ನಾರಿನ ಹಗ್ಗ ಹಿಡಿದು ಬೆಳೆದ ಅಮ್ಮ ಮೊದಲ ದಿನವೇ ಬೆರಳಲ್ಲಿ ಉಜ್ಜಿ ನೋಡಿ ಹೇಳಿದ್ದರು, “ಇದು ನಮ್ಮ ಹುರಿ ಅಲ್ಲ ಮಾರಾಯ್ತಿ. ಎಷ್ಟು ಬಿಳಿ ಕಾಣು, ಕೈಗೆ ಚುಚ್ಚುವುದೂ ಇಲ್ಲ.”

ಆ ಚೀಟಿ ಬಂದದ್ದು ಬೇಸಿಗೆಯ ಶುರುವಿನಲ್ಲಿ. ಮಾವಿನಕಾಯಿಯ ಕಾಲ, ಓಣಿಯ ತುಂಬ ಹೆಚ್ಚಿದ ಕಾಯಿಯ ಹುಳಿವಾಸನೆ. ನೀಲಿ ಬಣ್ಣ. ನೆಲದಿಂದ ಸುತ್ತಲೂ ಕತ್ತಿಯ ಹಾಗೆ ಎದ್ದ ಎಲೆಗಳು. ಸರಿಯಾಗಿ ನಡುವಿನಲ್ಲೇ ಅಂಚೆಯ ಕಪ್ಪು ಮೊಹರು ಬಿದ್ದಿತ್ತು, ದುಂಡಗೆ, ಒಳಗೆ ಅಡ್ಡಾದಿಡ್ಡಿ ಗೆರೆಗಳು.

ಬಾ ಕನ್ನಡಕ ಏರಿಸಿ, ಇಳಿಸಿ, ಸೋತರು. “ಒಯ್ದು ನಿನ್ನ ಮದ್ರಾಸಣ್‌ಗೆ ತೋರಿಸು.”

ಅಮ್ಮ ನೋಡಿದ್ದೇ ತಡ, ಮುಖ ಅರಳಿತು. ನನ್ನನ್ನು ನಡುವೆ ಬಿಟ್ಟುಕೊಳ್ಳದೆ ನೇರ ಬಾ ಕಡೆಗೇ ಕೂಗಿದರು: “ಅನಾನಸು! ಅನಾನಸು, ಬಾ!”

ಅನಾನಸಿಗೆ ಗುಜರಾತಿಯಲ್ಲೂ ಅದೇ ಹೆಸರು. ಅಮ್ಮನ ಬಾಯಿಂದ ಹೊರಟ ಮಾತೊಂದು, ನನ್ನ ಸಹಾಯವಿಲ್ಲದೆ ಓಣಿ ದಾಟಿ ಬಾ ಕಿವಿ ಮುಟ್ಟಿದ್ದು ಅದೇ ಮೊದಲು. ಬಾ ಕೈತಟ್ಟಿದರು. “ಅನಾನಸ್! ಹೌದು ಹೌದು, ಅಗೋ ನಡುವೆ ಹಣ್ಣು!” ಅಮ್ಮ ಖುಷಿಯಲ್ಲಿ ನನಗೆ ಹೇಳುತ್ತಲೇ ಇದ್ದರು. ಅಜ್ಜನ ಮನೆಯ ಪಾಗಾರದ ಉದ್ದಕ್ಕೂ ಇದೇ ಗಿಡವಂತೆ. ಚೆಂಡು ಹೆಕ್ಕಲು ಹೋಗಿ ಕಾಲೆಲ್ಲ ಗೀರಿಸಿಕೊಂಡದ್ದಂತೆ. “ನಂಗೆ ತಪ್ಪುವುದುಂಟಾ?”

ಎರಡು ಮನೆ ಒಪ್ಪಿತು. ಡೈರಿಯಲ್ಲೂ ಚೀಟಿಯ ಆಲ್ಬಮ್ಮಿನಲ್ಲೂ ಬರೆದೆ: ಅನಾನಸು. ಆಮೇಲೆ ಲಕೋಟೆ ಒಡೆದು ಕಾಗದ ಓದಲು ಕೂತೆ.

“ಪೂಜ್ಯ ಬಾ, ನಾವು ಊರು ಬಿಟ್ಟು ತೋಟದ ಕಡೆಯ ಮನೆಗೆ ಬಂದಿದ್ದೇವೆ. ಸುತ್ತ ಏನಿದೆ ಅಂತ ನೀನು ಕೇಳುತ್ತೀಯೆಂದು ಹುಡುಕಿ ಈ ಚೀಟಿ ಹಚ್ಚಿದ್ದೇನೆ. ಕಣ್ಣು ಹಾಯುವಷ್ಟು ದೂರ ಇದೇ, ಅಡುಗೆಮನೆಯ ಬಾಗಿಲವರೆಗೂ ಇದೇ. ಇನ್ನೊಂದು ಸಂಗತಿ. ನನಗೆ ಈಗ ಮೂರನೇ ತಿಂಗಳು. ಹುಳಿ ಏನು ಸಿಕ್ಕಿದರೂ ತಿನ್ನೋಣವೆನಿಸುತ್ತದೆ...”

ಬಾ ಅವರ ಮುಖದಲ್ಲಿ ಮೊದಲು ನಗು ಬಂತು. ಅದು ಪೂರ್ತಿ ಬರುವ ಮೊದಲೇ ನಿಂತುಹೋಯಿತು. ಸವಿತಾಬೆನ್‌ಗೆ ಹಿಂದೆ ಎರಡು ಸಲ ಮೂರನೇ ತಿಂಗಳಲ್ಲೇ ಬಸಿರು ಇಳಿದುಹೋಗಿತ್ತು. ಅದು ಓಣಿಗೆಲ್ಲ ಗೊತ್ತಿದ್ದ ವಿಷಯ.

“ಬಸುರಿ ಹುಡುಗಿ. ಹುಳಿ ಬೇಕಂತೆ. ಸುತ್ತ ಅನಾನಸ್!” ಬಾ ಹಣೆ ಹಿಡಿದುಕೊಂಡರು. “ಬಾಗಿಲು ತೆಗೆದರೆ ಅನಾನಸ್! ಅವಳ ಬಾಯಿ ನನಗೆ ಗೊತ್ತಿಲ್ಲವಾ? ಹಸಿ ಹುಣಿಸೆಗೆ ಮರ ಹತ್ತಿದವಳು ಅವಳು!”

ಬಸುರಿಯರು ಅನಾನಸು, ಪಪ್ಪಾಯಿ ಮುಟ್ಟಬಾರದೆಂಬ ಮಾತು ನಮ್ಮ ಊರಿನಲ್ಲೂ ಇತ್ತು, ಗುಜರಾತಿನಲ್ಲೂ ಇತ್ತು. ಅಮ್ಮ ಹೊಸ್ತಿಲಿನಿಂದಲೇ “ಎಂತಾಯ್ತು? ಎಂತಾಯ್ತು ಹೇಳು!” ಎನ್ನುತ್ತಿದ್ದರು. ಹೇಳಿದೆ. ಅಮ್ಮ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಒಳಗೆ ಹೋದರು.

ತಂತಿ ಕಳಿಸಬಹುದಲ್ಲ ಎಂದು ಅಪ್ಪ ಸಂಜೆ ಕೇಳಿದರು. ಬಾ ಒಪ್ಪಲಿಲ್ಲ. “ತಾರ್ ಬಂತು ಅಂದರೆ ಯಾರೋ ಸತ್ತರು ಅಂತ. ಆ ಹೆದರಿಕೆಯೇ ಸಾಕು ಅವಳಿಗೆ. ಬೇಡ. ಕಾಗದ ಬರಿ, ವಸು.” ನೀಲಿ ಏರ್ ಲೆಟರಿನಲ್ಲಿ ಬಾ ಹೇಳಿದಂತೆ ಬರೆದೆ. ತಿನ್ನಬೇಡ, ಮೂಸಬೇಡ, ಗಂಡನಿಗೆ ಹೇಳಿ ಅಡುಗೆಮನೆಯ ಬಾಗಿಲ ಹತ್ತಿರದ ಗಿಡಗಳನ್ನು ಕೀಳಿಸು, ನಿಂಬೆಹಣ್ಣು ತಿನ್ನು, ತಿಂದಿದ್ದರೆ ಕೂಡಲೇ ತಿಳಿಸು. “ತಿಂದಿದ್ದರೆ ಬೈಯುವುದಿಲ್ಲ ಅಂತಲೂ ಬರಿ,” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಅದನ್ನ ಎರಡು ಸಲ ಬರಿ.”

ಕಾಗದ ಹೋಗಿ ಉತ್ತರ ಬರಲು ಮೂರು ವಾರವಾದರೂ ಬೇಕಿತ್ತು.

ಮರುದಿನ ಅಮ್ಮ ಬಾ ಮನೆಗೆ ಬಟ್ಟಲಿನಲ್ಲಿ ಪಾಯಸ ಕಳಿಸಿದರು. ಬಾ ಮುಟ್ಟಲಿಲ್ಲ. “ಬಾಧಾ ಇಟ್ಟಿದ್ದೇನೆ ಬೇಟಾ. ಮಗಳು ಕ್ಷೇಮ ಅಂತ ಕಾಗದ ಬರುವವರೆಗೆ ಬೆಲ್ಲ ಬಿಟ್ಟೆ.” ಗುಜರಾತಿನ ಕಡೆ ಅದೊಂದು ಹರಕೆಯ ಪದ್ಧತಿ. ಮನಸ್ಸಿನಲ್ಲಿರುವುದು ನೆರವೇರುವವರೆಗೆ ತನಗೆ ಇಷ್ಟವಾದ ತಿನಿಸನ್ನು ಬಿಡುವುದು. ಬೇಳೆಗೂ ಪಲ್ಯಕ್ಕೂ ಬೆಲ್ಲ ಹಾಕುವ ಮನೆಯಲ್ಲಿ ಬೆಲ್ಲ ಬಿಟ್ಟರೆ ಊಟವನ್ನೇ ಬಿಟ್ಟ ಹಾಗೆ. ನಾನು ಬಂದು ಅಮ್ಮನಿಗೆ ವಿವರಿಸಿದೆ. ಅಮ್ಮ ಪಾಯಸದ ಬಟ್ಟಲನ್ನು ಒಳಗಿಟ್ಟರು.

ಮಾರನೇ ಬೆಳಿಗ್ಗೆ ಅಪ್ಪನ ಮುಂದೆ ಚಹಾ ಬಂತು.

“ಇದೆಂತದು?”

“ಚಾ.”

“ಚಾ ಅಂತ ಕಾಣ್ತದೆ. ಕಾಫಿ ಎಲ್ಲಿ?”

“ನಾನು ಬಿಟ್ಟಿದ್ದೇನೆ. ಆ ಕಾಗದ ಬರ್ಲಿ.”

“ನೀನು ಬಿಟ್ಟರೆ ನಂಗೆ ಯಾಕೆ ಶಿಕ್ಷೆ?”

“ಪರಿಮಳ ಬಂದ್ರೆ ನನ್ನ ಕೈಲಾಗುವುದಿಲ್ಲ. ಮನೆಯಲ್ಲೇ ಬೇಡ.” ಅಮ್ಮ ಕಾಫಿಬೀಜದ ಡಬ್ಬಿಯನ್ನು ಅಟ್ಟಕ್ಕೆ ಏರಿಸಿಬಿಟ್ಟಿದ್ದರು. “ಅನಾನಸು ಅಂತ ಹೇಳಿದ್ದು ಯಾರು? ನಾನಲ್ವಾ?”

“ಚೀಟಿಯಲ್ಲಿ ಇದ್ದದ್ದನ್ನ ನೀನು ಹೇಳಿದೆ. ಬೆಳೆಸಿದ್ದು ನೀನಾ?” ಎಂದರು ಅಪ್ಪ. ಒಂದು ಗುಟುಕು ಕುಡಿದು ಲೋಟ ದೂರ ತಳ್ಳಿದರು. “ಬಾಧಾ ನಿಂದು, ಬಾಧೆ ನಂದು.” ಆದರೆ ಮರುದಿನವೂ ಆ ಚಹಾ ಕುಡಿದೇ ಕಚೇರಿಗೆ ಹೋದರು.

ಮೂರನೆಯ ಬೆಳಿಗ್ಗೆ ಬಾ ಕಿಟಕಿಯಿಂದ ನನ್ನನ್ನು ಕರೆದರು. “ವಸು, ನಿಮ್ಮ ಮನೆಯಿಂದ ಸುಟ್ಟ ವಾಸನೆ ಬರುತ್ತಿಲ್ಲ. ಅಮ್ಮನಿಗೆ ಜ್ವರವಾ?”

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬಾ ಕಿಟಕಿ ಮುಚ್ಚಿದರು. ಮೆಟ್ಟಿಲಿಳಿದು, ಓಣಿ ದಾಟಿ, ನಮ್ಮ ಮನೆಯ ಒಳಗೆ ಬಂದರು. ಅಷ್ಟು ದಿನ ಎದುರಿಗಿದ್ದೂ ಅವರು ನಮ್ಮ ಅಡುಗೆಮನೆಯವರೆಗೆ ಬಂದವರಲ್ಲ. ಅಮ್ಮ ಗಾಬರಿಯಿಂದ ಎದ್ದು ಮಣೆ ಹಾಕಿದರು. ಬಾ ಕೂತು ಅಮ್ಮನನ್ನೇ ನೋಡುತ್ತ ಗುಜರಾತಿಯಲ್ಲಿ ಏನೇನೋ ಹೇಳಿದರು. ಅಮ್ಮ ಕನ್ನಡದಲ್ಲಿ ಏನೇನೋ ಹೇಳಿದರು. ನಾನು ಅನುವಾದಕ್ಕೆ ಬಾಯಿ ತೆರೆದೆ. ಬಾ ಕೈಯೆತ್ತಿ ತಡೆದರು. “ನೀನು ಸುಮ್ಮನಿರು. ನಮಗೆ ಅರ್ಥವಾಗ್ತಿದೆ.”

ಆ ವರ್ಷ ಗೋಳ್‌ಕೇರಿ ಹಾಕುವ ಹೊತ್ತೂ ಅದೇ. ಮಾವಿನಕಾಯಿ ಹೋಳಿಗೆ ಬೆಲ್ಲ, ಮಸಾಲೆ ಕಲಸಿ ಮಾಡುವ ಸಿಹಿ ಉಪ್ಪಿನಕಾಯಿ ಅದು. ಓಣಿಯಲ್ಲಿ ಬಾ ಅವರ ಕೈಗೆ ಹೆಸರು. ಆದರೆ ಬೆಲ್ಲ ಬಿಟ್ಟವರು ರುಚಿ ನೋಡುವುದು ಹೇಗೆ? “ಬೆನ್ ನೋಡಲಿ,” ಎಂದರು. ಬೆನ್ ಎಂದರೆ ಅಕ್ಕತಂಗಿ. ಅಂದಿನಿಂದ ಅಮ್ಮ ಮದ್ರಾಸಣ್ ಆಗಿ ಉಳಿಯಲಿಲ್ಲ. ಬಾ ಮಾಳಿಗೆಯಲ್ಲಿ, ಬಿಸಿಲಿಗಿಟ್ಟ ಜಾಡಿಗಳ ನಡುವೆ, ಅಮ್ಮ ಚಮಚದ ತುದಿಯನ್ನು ನಾಲಿಗೆಗೆ ಮುಟ್ಟಿಸುವುದು, ಬಾ ಉಸಿರು ಹಿಡಿದು ಕಾಯುವುದು. ಅಮ್ಮ ಎರಡು ಬೆರಳು ಒಟ್ಟುಮಾಡಿ ತೋರಿಸಿದರೆ ಇನ್ನೊಂದು ಚಿಟಿಕೆ ಮೆಂತ್ಯದಪುಡಿ. ತಲೆ ಅಡ್ಡ ಆಡಿಸಿದರೆ ಬಾ ಮತ್ತಷ್ಟು ಬೆಲ್ಲ ತುರಿಯುತ್ತಿದ್ದರು. ಬೆರಳಿಗೆ ಅಂಟಿದ ಬೆಲ್ಲವನ್ನು ನೆಕ್ಕದೆ, ಎದ್ದು ಹೋಗಿ ನೀರಿನಲ್ಲಿ ತೊಳೆದು ಬರುತ್ತಿದ್ದರು.

ಉತ್ತರದ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಪೋಸ್ಟ್‌ಮನ್ ಸೈಕಲ್ ಗಂಟೆ ಹೆಬ್ಬಾಗಿಲಿನಲ್ಲಿ ಕೇಳಿದರೆ ಮಾತ್ರ ಇಬ್ಬರ ಕೈಯೂ ನಿಲ್ಲುತ್ತಿತ್ತು. ನನ್ನ ಡೈರಿಯ ಆ ಪುಟಗಳಲ್ಲಿ ಹವೆ ಇಲ್ಲ, ಶಾಲೆ ಇಲ್ಲ. ಪ್ರತಿದಿನವೂ ಒಂದೇ ಸಾಲು: ಬಂದಿಲ್ಲ.

ಕೊನೆಗೆ ಒಂದು ಮಧ್ಯಾಹ್ನ ಬಂತು. ನಾನು ಅಭ್ಯಾಸದಂತೆ ಲಕೋಟೆ ತಿರುಗಿಸಿ ಚೀಟಿ ನೋಡಿದೆ. ಗೊಂಚಲು ಗೊಂಚಲು ಸಣ್ಣ ಕಾಯಿಗಳು, ಅಗಲವಾದ ಎಲೆ.

“ಚೀಟಿ ಬಿಡು!” ಬಾ ಕಿರುಚಿದರು. “ಮೊದಲು ಓದು.”

ನಮ್ಮ ಪದ್ಧತಿ ಮುರಿದದ್ದು ಅದೊಂದೇ ಸಲ. ಅಮ್ಮ ಒದ್ದೆ ಕೈಯಲ್ಲೇ ಓಡಿಬಂದು ಬಾ ಪಕ್ಕ ಜಗಲಿಯ ಮೇಲೆ ಕೂತರು.

“ಪೂಜ್ಯ ಬಾ, ನಾನು ಚೆನ್ನಾಗಿದ್ದೇನೆ. ಮೂರನೇ ತಿಂಗಳು ದಾಟಿತು, ಡಾಕ್ಟರು ಎಲ್ಲ ಸರಿಯಾಗಿದೆ ಎಂದಿದ್ದಾರೆ. ನಿನ್ನ ಕಾಗದ ಓದಿ ನಾವಿಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಅನಾನಸು ಎಂದು ನಿನಗೆ ಯಾರು ಹೇಳಿದರು? ಆ ಗಿಡವನ್ನು ಇಲ್ಲಿ ಕತ್ತೆಯೂ ತಿನ್ನುವುದಿಲ್ಲ. ನಮ್ಮಲ್ಲಿ ರೈಲುಹಳಿಯ ಪಕ್ಕ ಬೇಲಿಗೆ ಕೇತಕಿ ಹಾಕುತ್ತಾರಲ್ಲ, ಮುಳ್ಳು ತುದಿಯದು, ಅದರದೇ ಜಾತಿ. ಎಲೆಯಿಂದ ನಾರು ತೆಗೆದು ಹಗ್ಗ ಹೊಸೆಯುತ್ತಾರೆ. ದೀಪಾವಳಿಯ ಪಾರ್ಸೆಲ್‌ಗೆ ಕಟ್ಟಿದ್ದೆನಲ್ಲ, ಬಿಳಿಯ ಹುರಿ, ಅದು ಇದೇ. ಇನ್ನು ಮೇಲೆ ನೀನು ಹೆದರಬಾರದೆಂದು ಹೆಸರನ್ನೂ ನಾನೇ ಬರೆಯುತ್ತೇನೆ. ಈ ಕಾಗದದ ಚೀಟಿಯಲ್ಲಿರುವುದು ಕಾಫಿ.”

ನಾನು ಗುಜರಾತಿಯಲ್ಲಿ ಓದಿ ಮುಗಿಸಿ, ಕನ್ನಡದಲ್ಲಿ ಅಮ್ಮನಿಗೆ ಹೇಳಲು ಶುರುಮಾಡಿದೆ. ಕೇತಕಿಗೆ ಕನ್ನಡ ಹೆಸರು ನನಗೆ ಗೊತ್ತಿರಲಿಲ್ಲ. ರೈಲುಹಳಿ, ಮುಳ್ಳು, ನಾರು ಎನ್ನುತ್ತಿದ್ದ ಹಾಗೇ ಅಮ್ಮ ಹಣೆ ಚಚ್ಚಿಕೊಂಡರು. “ಕತ್ತಾಳೆ! ಅಯ್ಯೋ, ಕತ್ತಾಳೆ ಮಾರಾಯ್ತಿ! ಆ ಮೊಹರನ್ನ ಹಣ್ಣು ಅಂತ ಮಾಡಿದೆನಲ್ಲ ನಾನು!”

ಬಾ ಆಗಲೇ ತಲೆಯೆತ್ತಿ ಮೇಲೆ ನೋಡುತ್ತಿದ್ದರು. ನಾವೂ ನೋಡಿದೆವು. ನಮ್ಮ ತಲೆಯ ಮೇಲೆ, ಆ ಕಿಟಕಿಯಿಂದ ಈ ಕಿಟಕಿಗೆ, ಬಿಳಿಯ ಹುರಿ. ಅದರ ಮೇಲೆ ಬಾ ಅವರ ಎರಡು ಸೀರೆ, ಬೆಳಿಗ್ಗೆ ಒಳಗೆ ತರಲು ಮರೆತ ಅಪ್ಪನ ಬನಿಯನ್ನು. ಮೂರು ವಾರ ದಿನವೂ ಎರಡು ಹೊತ್ತು ಇಬ್ಬರೂ ಮುಟ್ಟಿ, ಬಟ್ಟೆ ಹರವಿ, ಒಣಗಿದ್ದನ್ನು ಎಳೆದುಕೊಂಡದ್ದು ಅದರಿಂದಲೇ.

ಮೊದಲು ನಕ್ಕವರು ಬಾ. ನಗುತ್ತ ನಗುತ್ತ ಕಣ್ಣೊರೆಸಿಕೊಂಡರು, ಅಮ್ಮನ ಬೆನ್ನಿಗೆ ಗುದ್ದಿದರು. “ಮದ್ರಾಸಣ್! ನನ್ನ ಮಗಳಿಗೆ ಹಗ್ಗ ತಿನ್ನಿಸಿದೆಯಲ್ಲೇ!” ಅಮ್ಮನಿಗೆ ಅದರ ಅನುವಾದ ಬೇಕಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಬಾ ಒಳಗೆ ಹೋಗಿ ಕೈಯಲ್ಲಿ ಒಂದು ಬೆಲ್ಲದ ಉಂಡೆ ಹಿಡಿದುಕೊಂಡು ನಮ್ಮ ಮನೆಗೆ ಬಂದರು. “ನಡಿ ಬೆನ್. ನಿನ್ನ ಆ ಸುಟ್ಟ ಕಷಾಯ ಮಾಡು. ನನಗೂ ಕೊಡು.”

ಅಟ್ಟದಿಂದ ಡಬ್ಬಿ ಇಳಿಯಿತು. ಅಮ್ಮ ಬೀಜ ಹುರಿದು, ಪುಡಿ ಮಾಡಿ, ಸಕ್ಕರೆಯ ಬದಲು ಬಾ ತಂದ ಬೆಲ್ಲವನ್ನೇ ಕುದಿಯುವ ನೀರಿಗೆ ಹಾಕಿದರು. ಊರಿನಲ್ಲಿ ಅಜ್ಜಿ ಹೀಗೇ ಮಾಡುತ್ತಿದ್ದರಂತೆ. ಆ ಬೆಲ್ಲದ ಕಾಫಿಯಲ್ಲಿ ಬಾ ಬಿಟ್ಟ ಬೆಲ್ಲವೂ ಅಮ್ಮ ಬಿಟ್ಟ ಕಾಫಿಯೂ ಒಟ್ಟಿಗೇ ಮರಳಿ ಬಂದವು. ಬಾ ಒಂದು ಗುಟುಕು ಕುಡಿದು, ಮುಖ ಹಿಂಡಿ, ಲೋಟ ಕೆಳಗಿಡದೆ ಹೇಳಿದರು, “ಇದಕ್ಕಾ ನೀನು ಮೂರು ವಾರ ಅತ್ತದ್ದು?” ಪೂರ್ತಿ ಕುಡಿದರು. ಅಪ್ಪ ಸಂಜೆ ಹೆಬ್ಬಾಗಿಲಿನಲ್ಲೇ ಪರಿಮಳ ಹಿಡಿದು, ಸೈಕಲ್ಲಿನಿಂದ ಇಳಿಯುವ ಮೊದಲೇ ಕೇಳಿದರು, “ಹುಡುಗಿ ಕ್ಷೇಮವಾ?”

ನವರಾತ್ರಿಯ ಗರ್ಬಾ ನಡೆಯುತ್ತಿದ್ದಾಗ ಸವಿತಾಬೆನ್‌ಗೆ ಹೆಣ್ಣುಮಗು ಹುಟ್ಟಿತೆಂದು ತಂತಿಯೇ ಬಂತು. ಆ ರಾತ್ರಿ ಬಾ ಅಮ್ಮನನ್ನು ಕೈಹಿಡಿದು ಎಳೆದು ಗರ್ಬಾದ ಸುತ್ತಿಗೆ ಸೇರಿಸಿದರು. ಅಮ್ಮ ಎಲ್ಲರಿಗಿಂತ ಒಂದು ಚಪ್ಪಾಳೆ ಹಿಂದೆ ಇದ್ದರು, ಆದರೂ ಬಿಡಲಿಲ್ಲ. ಎರಡು ವರ್ಷದ ಮೇಲೆ ಅಪ್ಪನಿಗೆ ಸೂರತ್ತಿಗೆ ವರ್ಗವಾದಾಗ ಅಮ್ಮ ಬಾ ಅವರಿಗೆ ವಿದಾಯ ಹೇಳಿದ್ದು ಗುಜರಾತಿಯಲ್ಲಿ. ತಪ್ಪು ತಪ್ಪಾಗಿತ್ತು. ಯಾರೂ ತಿದ್ದಲಿಲ್ಲ.

ಈಗ ನಾನಿರುವುದು ಅಹಮದಾಬಾದಿನ ಅಂಚಿನ ಬೋಪಾಲ್‌ನಲ್ಲಿ, ಒಂದು ಎತ್ತರದ ಕಟ್ಟಡದ ಒಂಬತ್ತನೇ ಮಹಡಿಯಲ್ಲಿ. ಎದುರಿನ ಕಟ್ಟಡದಲ್ಲೂ ಒಂಬತ್ತನೇ ಮಹಡಿ ಇದೆ. ಅಲ್ಲಿಯೂ ಯಾರೋ ಬೆಳಿಗ್ಗೆ ಬಟ್ಟೆ ಹರವುತ್ತಾರೆ. ಯಾರೆಂದು ಗೊತ್ತಿಲ್ಲ. ಅವರ ಅಡುಗೆಯ ಒಗ್ಗರಣೆ ನನಗೆ ತಲುಪುವುದಿಲ್ಲ, ನನ್ನ ಕಾಫಿ ಅವರಿಗೆ ತಲುಪುವುದಿಲ್ಲ. ಮನೆಗೆ ಬರುವ ಕಟ್ಟುಗಳ ಮೇಲೆ ಚೀಟಿ ಇರುವುದಿಲ್ಲ, ಕಪ್ಪು ಪಟ್ಟೆಗಳ ಗುರುತಿರುತ್ತದೆ. ಗಿಡದ ಹೆಸರು ಬೇಕಿದ್ದರೆ ಮೊಮ್ಮಗಳು ಫೋನು ಹಿಡಿದು ಕ್ಷಣದಲ್ಲಿ ಹೇಳುತ್ತಾಳೆ, ತಪ್ಪದೆ. ಯಾರನ್ನೂ ಕೇಳಬೇಕಾಗಿಲ್ಲ. ಮೂರು ವಾರ ಯಾರಿಗಾಗಿಯೂ ಏನನ್ನೂ ಬಿಡಬೇಕಾಗಿಯೂ ಇಲ್ಲ.

ಇದನ್ನೆಲ್ಲ ಬರೆಯುವಾಗ ದುಃಖಕ್ಕಿಂತ ಹೆಚ್ಚಾಗಿ ಒಂದು ಋಣದ ಭಾವವೇ ಬರುತ್ತದೆ. ಬಾ ಇಲ್ಲ, ಅಮ್ಮ ಇಲ್ಲ, ಅಪ್ಪನೂ ಇಲ್ಲ. ಆಲ್ಬಮ್ ಇದೆ. ಅದರಲ್ಲಿ ಆ ನೀಲಿ ಚೀಟಿ ಇದೆ. ಅಂದು ಚೀಟಿಯನ್ನು ನೀರಿನಲ್ಲಿ ನೆನೆಸಿ ಬಿಡಿಸಿದಾಗಲೂ ನಡುವಿನ ಮೊಹರು ಹೋಗಿರಲಿಲ್ಲ. ಈಗಲೂ ಥಟ್ಟನೆ ನೋಡಿದರೆ ಅನಾನಸಿನ ಹಾಗೇ ಕಾಣುತ್ತದೆ. ಕೆಳಗೆ ನನ್ನ ಹನ್ನೊಂದರ ವಯಸ್ಸಿನ ಗುಂಡಗಿನ ಅಕ್ಷರದಲ್ಲಿ ಒಂದು ಹೆಸರು ಬರೆದು ಹೊಡೆದುಹಾಕಿದೆ. ಅದರ ಪಕ್ಕದಲ್ಲಿ: “ಕತ್ತಾಳೆ. ಎರಡು ಮನೆ ಒಪ್ಪಿವೆ.”